ಹಾರನಹಳ್ಳಿಯ ಗುಡಿ, ಅಟ್ಟದ ಮೇಲಿನ ಕಾಯಿ

ಹಾಸನದವರಿಗೆ ರಜೆ ಬಂತು ಅಂದ್ರೆ ಕಣ್ಣು ಹೋಗೋದು ಸಕಲೇಶಪುರದ ಕಡೆಗೆ. ಮನೆಗೆ ನೆಂಟರು ಬಂದರೆ ಬೇಲೂರು, ಹಳೇಬೀಡು. ಅರಸೀಕೆರೆ ದಿಕ್ಕಿಗೆ ಹೋಗೋದು ರೈಲು ಹಿಡಿಯೋಕೆ ಮಾತ್ರ. ಹಾರನಹಳ್ಳಿ ಆ ದಾರಿಯಲ್ಲೇ ಸಿಗುತ್ತೆ, ಅರಸೀಕೆರೆ ಇನ್ನು ಎಂಟು ಕಿಲೋಮೀಟರ್ ಅನ್ನುವಾಗ. ಬಸ್ಸು ಎರಡು ನಿಮಿಷ ನಿಲ್ಲುತ್ತೆ, ಹೊರಡುತ್ತೆ. ಕಿಟಕಿಯಲ್ಲಿ ಕಾಣೋದು ತೆಂಗಿನ ತೋಟ, ಮತ್ತೆ ತೆಂಗಿನ ತೋಟ. ಆ ಊರಲ್ಲಿ ಉಳಿದು ನೋಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಗೆಳೆಯನ ದೊಡ್ಡಪ್ಪನ ತೋಟ ಹಾರನಹಳ್ಳಿ ಪಕ್ಕದಲ್ಲೇ ಇದೆ. ಸಂಕ್ರಾಂತಿಗೆ ಮುಂಚೆ, ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿ ಇಳಿಸ್ತಾರೆ, ಆಗ ಬನ್ನಿ ಅಂತ ಕರೆದರು. ಬೈಕ್ ಹತ್ತಿದೆವು.

ಶುಕ್ರವಾರ

ಹಾಸನ ಬಿಟ್ಟಾಗ ಮಂಜು ದಟ್ಟವಾಗಿತ್ತು. ಜನವರಿ ಬೆಳಗ್ಗೆ ಈ ಕಡೆಗೂ ಸ್ವೆಟರ್ ಬೇಕು. ಬಯಲುಸೀಮೆ ಅಂತ ಬರೀ ಅಂಗಿಯಲ್ಲಿ ಹೊರಟರೆ ಬೈಕಿನ ಮೇಲೆ ಕೈಬೆರಳು ಮರಗಟ್ಟುತ್ತೆ. ದುದ್ದದ ಕಡೆ ಬರುವಷ್ಟರಲ್ಲಿ ಬಿಸಿಲು ಬಿತ್ತು. ಅಲ್ಲೊಂದು ಸಣ್ಣ ಹೋಟೆಲಲ್ಲಿ ಅವರೆಕಾಳು ಉಪ್ಪಿಟ್ಟು ತಿಂದೆವು. ಸೊಗಡಿನ ಅವರೆ, ಜತೆಗೆ ಗಟ್ಟಿ ಕಾಯಿಚಟ್ನಿ. ಚಟ್ನಿ ಇನ್ನೊಂದು ಸಲ ಕೇಳಿದರೆ ಆ ಯಮ್ಮ ಬಟ್ಟಲನ್ನೇ ತಂದಿಟ್ಟರು. "ಕಾಯಿಗೆ ಏನ್ ಬರವಾ ನಮ್ಮಲ್ಲಿ" ಅಂದರು. ಕಾಯಿಗೂ ಬರ ಬಂದಿತ್ತು ಅನ್ನೋದು ಮಾರನೇ ದಿನ ಗೊತ್ತಾಯ್ತು.

ಇದೇ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ಕೋರವಂಗಲ. ಅಲ್ಲಿನ ಬೂಚೇಶ್ವರ ಗುಡಿ 1173ರದು. ಹೊಯ್ಸಳರ ಎರಡನೇ ವೀರಬಲ್ಲಾಳ ಪಟ್ಟಕ್ಕೆ ಬಂದಾಗ ಅವನ ಅಧಿಕಾರಿ ಬೂಚಿ ಕಟ್ಟಿಸಿದ್ದು. ಒಂದು ಗರ್ಭಗುಡಿಯಲ್ಲಿ ಲಿಂಗ, ಅದಕ್ಕೆ ಎದುರಾಗಿ ಇನ್ನೊಂದರಲ್ಲಿ ಸೂರ್ಯ. ನಾವು ಹೋದಾಗ ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಹಾಸನದಿಂದ ಅರ್ಧ ಗಂಟೆ ದೂರದಲ್ಲಿ ಇಂಥ ಗುಡಿ ಇಟ್ಟುಕೊಂಡು ನಾವು ಮಕ್ಕಳನ್ನು ಮಾಲ್‌ಗೆ ಕರೆದುಕೊಂಡು ಹೋಗ್ತೀವಲ್ಲ ಅಂತ ಬೇಸರವಾಯ್ತು.

ಅಲ್ಲಿಂದ ಮುಂದೆ ನೆಲ ಬದಲಾಗುತ್ತೆ. ಹಸಿರು ಕಡಿಮೆಯಾಗಿ ಕೆಂಪು ಮಣ್ಣು, ಜಾಲಿ ಗಿಡ, ಕುರುಚಲು ಗುಡ್ಡ. ಹಳ್ಳಿ ಹತ್ತಿರ ಬಂದಾಗಲೆಲ್ಲ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಕಣ ಮಾಡೋರು ಕಡಿಮೆ ಆಗಿದ್ದಾರೆ, ವಾಹನಗಳೇ ತುಳಿದು ಕೊಡುತ್ತವೆ. ಬೈಕಿನವರು ಮಾತ್ರ ನಿಧಾನ ಮಾಡಬೇಕು. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತೆ. ಒಂದು ಕಡೆ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದು, "ಮೇಲೇ ಹೋಗ್ರಪ್ಪಾ, ಪಕ್ಕದಲ್ಲಿ ಯಾಕೋಗ್ತೀರಾ" ಅಂತ ರಾಗಿ ಮೇಲೇ ಗಾಡಿ ಓಡಿಸಿದರು. ಅವರ ಕೆಲಸ ಅಷ್ಟಾದರೂ ಹಗುರಾಯ್ತು.

ಹಾರನಹಳ್ಳಿ ತಲುಪಿದಾಗ ಹನ್ನೊಂದು ಗಂಟೆ. ಸೀದಾ ಲಕ್ಷ್ಮೀನರಸಿಂಹ ಗುಡಿಗೆ ಹೋದೆವು. ಊರೊಳಗೆ, ಮನೆಗಳ ಪಕ್ಕದಲ್ಲೇ ಇದೆ. 1235ರ ಸುಮಾರಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಅನ್ನೋ ಅಣ್ಣತಮ್ಮಂದಿರು ಕಟ್ಟಿಸಿದ್ದು. ರಾಜ ಕಟ್ಟಿಸಿದ್ದಲ್ಲ, ಊರಿನ ದೊಡ್ಡ ಮನೆತನದವರು ಕಟ್ಟಿಸಿದ್ದು ಅನ್ನೋದು ನನಗೆ ಬಹಳ ಇಷ್ಟವಾಯ್ತು. ಮೂರು ಗರ್ಭಗುಡಿ, ಎತ್ತರದ ಜಗತಿ ಅಂದರೆ ಗುಡಿ ನಿಂತಿರೋ ಕಲ್ಲಿನ ಕಟ್ಟೆ, ಬಳಪದ ಕಲ್ಲು.

ಹೊರಗಿನ ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಗಳು. ಕೆಳಗೆ ಆನೆ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಜಗತಿ ಮೇಲೆ ಕೂತು ಆನೆ ಸಾಲನ್ನು ಹತ್ತಿರದಿಂದ ನೋಡಿದೆ. ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತೆ. ಹತ್ತಿರ ಹೋದರೆ ಒಂದು ಸೊಂಡಿಲು ಎತ್ತಿದೆ, ಪಕ್ಕದ್ದು ಮುಂದಿನ ಆನೆಯ ಬಾಲ ಹಿಡಿಯೋಕೆ ಹೋಗಿದೆ. ಎಂಟು ನೂರು ವರ್ಷದ ಹಿಂದೆ ಒಬ್ಬ ಆಚಾರಿ ಇಲ್ಲೇ ಕುಕ್ಕರಗಾಲಲ್ಲಿ ಕೂತು ಪ್ರತಿ ಆನೆಗೂ ಬೇರೆ ಬೇರೆ ಯೋಚನೆ ಮಾಡಿದ್ದಾನೆ. ಬಸ್ಸಿಳಿದು ಹತ್ತು ನಿಮಿಷದಲ್ಲಿ ಫೋಟೋ ತೆಗೆದುಕೊಂಡು ಹೋಗೋರಿಗೆ ಇದು ಸಿಗೋದಿಲ್ಲ. ಬೆಳಗಿನ ಹೊತ್ತು ಬಂದರೆ ಒಳ್ಳೇದು. ನಡುಮಧ್ಯಾಹ್ನದ ಬಿಸಿಲಲ್ಲಿ ಜಗತಿ ಕಲ್ಲು ಕಾದು ಬರಿಗಾಲು ಇಡೋಕಾಗಲ್ಲ. ಕಾಲುಚೀಲ ಜತೆಗಿದ್ದರೆ ಅನುಕೂಲ.

ಅರ್ಚಕರು ಒಳಗೆ ಆರತಿ ಬೆಳಕಲ್ಲಿ ಛಾವಣಿ ತೋರಿಸಿದರು. ಮಂಗಳಾರತಿ ತಟ್ಟೆಯಲ್ಲಿ ಒಡೆದ ಕಾಯಿ. "ನಮ್ಮ ತೋಟದ್ದೇ" ಅಂದರು. ಈ ಊರಲ್ಲಿ ಯಾರನ್ನು ಮಾತಾಡಿಸಿದರೂ ಎರಡನೇ ಮಾತಿಗೆ ತೋಟ ಬಂದೇ ಬರುತ್ತೆ.

ಸಂಜೆ ದೊಡ್ಡಪ್ಪನ ಮನೆ ಸೇರಿದೆವು. ಹಂಚಿನ ಮನೆ, ಮುಂದೆ ಜಗಲಿ, ಹಿತ್ತಲಿಗೆ ಹೊಂದಿಕೊಂಡೇ ತೋಟ. ದೊಡ್ಡಮ್ಮ ಕಾಲು ತೊಳೆಯೋಕೆ ನೀರು ಕೊಟ್ಟು, "ಗಾಡಿ ಆ ಮರದ ಕೆಳಗೆ ನಿಲ್ಲಿಸಬೇಡಿ ಕಣ್ರೋ, ಈಚೆ ತನ್ನಿ" ಅಂದರು. ಗೆಳೆಯ ಗಾಡಿ ಈಚೆ ತಂದು ಚಾವಡಿಯಲ್ಲಿ ನಿಲ್ಲಿಸಿದ. ನಾವು ಕಾಫಿ ಕುಡಿಯುತ್ತಿದ್ದಾಗ ಒಂದು ಒಣಗಿದ ಗರಿ ಧಡ್ ಅಂತ ಬಿತ್ತು. ಸರಿಯಾಗಿ ಗಾಡಿ ಇದ್ದ ಜಾಗಕ್ಕೇ. ಮಟ್ಟೆಯ ಬುಡ ನಾನು ಎತ್ತಿ ನೋಡಿದೆ, ಒಂದು ಕೈಯಲ್ಲಿ ಎತ್ತೋಕೆ ಕಷ್ಟವಾಯ್ತು. ಈ ಕಡೆ ಬರೋರು ಕಾರು, ಬೈಕು ಯಾವುದೇ ಇರಲಿ, ನೆರಳು ಅಂತ ತೆಂಗಿನ ಮರದ ಕೆಳಗೆ ಬಿಡಬೇಡಿ.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿ ಬಸ್ಸಾರು, ಹುಚ್ಚೆಳ್ಳು ಚಟ್ನಿ. ಹೊದೆಯೋಕೆ ಎರಡೆರಡು ಕಂಬಳಿ ಕೊಟ್ಟಿದ್ದರು, ಎರಡೂ ಬೇಕಾದವು.

ಶನಿವಾರ

ಬೆಳಗ್ಗೆ ದೊಡ್ಡಪ್ಪನ ಹಿಂದೆ ತೋಟಕ್ಕೆ. ಅವರಿಗೆ ಎಪ್ಪತ್ತು ದಾಟಿದೆ, ನಡಿಗೆ ನಮಗಿಂತ ಚುರುಕು. ಮರದಿಂದ ಮರಕ್ಕೆ ಮೂವತ್ತು ಅಡಿ ಬಿಟ್ಟು ನೆಟ್ಟಿದ್ದಾರೆ. ಸಾಲಿನ ನಡುವೆ ಪುಟ್ಟಬಾಳೆ, ಬದುವಿನಲ್ಲಿ ಹಲಸು, ಸಪೋಟ. ಎಲ್ಲಾ ಊರಿನ ಎತ್ತರದ ತಳಿ. ಪುಸ್ತಕದಲ್ಲಿ ತಿಪಟೂರು ಟಾಲ್ ಅಂತಾರಲ್ಲ, ಅದೇ. ಅದರಲ್ಲೇ ಆರಿಸಿದ ಕಲ್ಪತರು ಅನ್ನೋ ತಳಿಯ ಸಸಿಗಳನ್ನು ಒಂದು ಮೂಲೆಯಲ್ಲಿ ಹಾಕಿದ್ದಾರೆ. ಬರ ತಡೆಯುತ್ತೆ, ಉಂಡೆ ಕೊಬ್ಬರಿಗೆ ಚೆನ್ನಾಗಿದೆ ಅನ್ನೋದು ಅವರ ಅನುಭವ.

"ಒಂದು ಕೊಬ್ಬರಿ ಗಿಟುಕಿಗೆ ಎಷ್ಟು ಕಾಲ ಬೇಕು, ಹೇಳಿ ನೋಡಾನ" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೊಂಬಾಳೆ ಒಡೆದು ಹೀಚು ಕಟ್ಟಿ, ಕಾಯಿ ಬಲಿಯೋಕೆ ಒಂದು ವರ್ಷ. ಕೆಡವಿದ ಕಾಯಿ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಆಗೋಕೆ ಮತ್ತೆ ಹತ್ತು ಹನ್ನೆರಡು ತಿಂಗಳು. ಅಂದರೆ ಹತ್ತಿರ ಹತ್ತಿರ ಎರಡು ವರ್ಷ. ನಾವು ಹಬ್ಬದ ಎಳ್ಳುಬೆಲ್ಲಕ್ಕೆ ಹೆಚ್ಚಿಹಾಕೋ ಕೊಬ್ಬರಿ ಚೂರು ಇದು. ಮಾವಿನ ಹಣ್ಣು, ಕಿತ್ತಳೆ ಹಣ್ಣಿಗೆಲ್ಲ ಹಂಗಾಮು ಅಂತ ಇದೆ, ಬೆಳೆದವರು ವರ್ಷದೊಳಗೆ ದುಡ್ಡು ನೋಡ್ತಾರೆ. ಈ ಫಸಲಿನಷ್ಟು ಕಾಯಿಸೋದು ನಮ್ಮ ಸೀಮೆಯಲ್ಲಿ ಬೇರೆ ಇಲ್ಲ.

ದೋಟಿ ಹಿಡಿದು ಇಬ್ಬರು ಕಾಯಿ ಕೆಡವುತ್ತಿದ್ದರು. ಉದ್ದ ಗಳುವಿನ ತುದಿಗೆ ಕುಡುಗೋಲು. ಕತ್ತೆತ್ತಿ ಒಂದೇ ಎಳೆತ, ಗೊನೆ ನೆಲಕ್ಕೆ. ಮರ ಹತ್ತೋರು ಸಿಗೋದೇ ಕಷ್ಟ ಆಗಿದೆಯಂತೆ. ಅವರಲ್ಲಿ ಒಬ್ಬನ ಮಗ ಬೆಂಗಳೂರಲ್ಲಿ ಡೆಲಿವರಿ ಕೆಲಸಕ್ಕೆ ಹೋಗಿದ್ದಾನೆ. "ಅಲ್ಲೂ ಮೆಟ್ಟಿಲು ಹತ್ತಿ ಇಳಿಯೋದೇ ಅಂತಾನೆ" ಅಂತ ಹೇಳಿ ಮತ್ತೆ ದೋಟಿ ಎತ್ತಿದ.

ಗರಿಗಳ ಕೆಳಭಾಗ ಬಿಳಿ ಪುಡಿ ಹಿಡಿದಂತಿತ್ತು. ಮೇಲ್ಭಾಗದಲ್ಲಿ ಕಪ್ಪು ಮಸಿ. ಬಿಳಿನೊಣ. ಅದು ಹೀರಿ ಬಿಟ್ಟ ಅಂಟು ಕೆಳಗಿನ ಗರಿ ಮೇಲೆ ಬಿದ್ದು, ಅದರ ಮೇಲೆ ಶಿಲೀಂಧ್ರ ಬೆಳೆದು ಕಪ್ಪಾಗುತ್ತೆ. ಇದಕ್ಕೂ ಮುಂಚೆ ನುಸಿ ಬಂದಿತ್ತು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ನಮ್ಮ ಕಡೆಗೂ ಬೇಗನೇ ಹರಡಿತು. ಕಾಯಿ ಚಿಕ್ಕದಾಗಿ, ಸಿಪ್ಪೆ ಸೀಳುಬಿಟ್ಟು ಗಟ್ಟಿಯಾಗೋದು. ಜತೆಗೆ ಕಪ್ಪುತಲೆ ಹುಳು. ಅದಕ್ಕೆ ಔಷಧಿ ಹೊಡೆಯೋ ಬದಲು, ಆ ಹುಳುವನ್ನೇ ತಿನ್ನೋ ಗೋನಿಯೋಜಸ್ ಅನ್ನೋ ಪುಟ್ಟ ಕಣಜವನ್ನು ತೋಟಕ್ಕೆ ಬಿಡುತ್ತಾರೆ. ದೊಡ್ಡಪ್ಪ ಅದನ್ನು ಬಿಟ್ಟು ನೋಡಿದ್ದಾರೆ, ಫಲ ಕಂಡಿದ್ದಾರೆ. "ನಾನು ಒಬ್ಬ ಬಿಟ್ರೆ ಸಾಲದು. ಪಕ್ಕದ ತೋಟದೋರೂ ಬಿಡಬೇಕು. ಹುಳಕ್ಕೆ ಬದು ಗೊತ್ತಾಗುತ್ತಾ?"

ಹನ್ನೊಂದರ ಹೊತ್ತಿಗೆ ಅಟ್ಟ ಇಳಿಸೋ ಕೆಲಸ ಶುರುವಾಯ್ತು. ಏಣಿ ಹತ್ತಿ ನಾನೂ ಮೇಲೆ ಹೋದೆ. ಹಂಚಿನ ಸಂದಿಯಿಂದ ಬೀಳೋ ಬೆಳಕು ಬಿಟ್ಟರೆ ಕತ್ತಲು. ಬಿದಿರಿನ ಹಾಸಿನ ಮೇಲೆ ಸೊಂಟದೆತ್ತರಕ್ಕೆ ಕಾಯಿ ರಾಶಿ, ಎಲ್ಲಾ ಬೂದು ಬಣ್ಣಕ್ಕೆ ತಿರುಗಿವೆ. ಧೂಳು, ಒಣ ನಾರು, ಎಣ್ಣೆಯ ವಾಸನೆ ಮೂರೂ ಸೇರಿ ಮೂಗಿಗೆ ಬಡಿಯಿತು. ದೊಡ್ಡಪ್ಪ ಒಂದು ಕಾಯಿ ತೆಗೆದು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಗಡಗಡ ಸದ್ದು. "ಆಯ್ತು ಇದು." ಇನ್ನೊಂದು ಅಲ್ಲಾಡಿಸಿದರು. ಸದ್ದಿಲ್ಲ. "ಇದು ಇನ್ನೂ ಚಿಪ್ಪು ಬಿಟ್ಟಿಲ್ಲ." ಮೂರನೆಯದರಲ್ಲಿ ನೀರು ಕುಲುಕಿದ ಸದ್ದು. ಅದನ್ನು ಮತ್ತೆ ಹಿಂದಕ್ಕೇ ಎಸೆದರು. ನನ್ನ ಕೈಗೂ ನಾಲ್ಕು ಕೊಟ್ಟು ಕೇಳಿಸಿದರು. ಸ್ವಲ್ಪ ಹೊತ್ತಿಗೆ ಕಿವಿ ಹಿಡಿದುಬಿಡುತ್ತೆ.

ಕೆಳಗೆ ಅಂಗಳದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಒಬ್ಬ ಸಿಪ್ಪೆ ಸುಲಿಯುತ್ತಿದ್ದ. ಮೂರು ತಿರುವು, ಕಾಯಿ ಬೋಳು. ಅಲ್ಲಿಂದ ಮುಂದೆ ಹೆಂಗಸರ ಕೆಲಸ. ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಮಚ್ಚಿನ ಬೆನ್ನಿಂದ ಚಿಪ್ಪಿಗೆ ಸುತ್ತಲೂ ಸಣ್ಣಗೆ ಬಡಿಯುತ್ತಾರೆ. ಚಿಪ್ಪು ಹೋಳಾಗಿ ಉದುರುತ್ತೆ, ಒಳಗಿನ ಗಿಟುಕು ಇಡಿಯಾಗಿ ಹೊರಗೆ ಬರುತ್ತೆ. ಪೆಟ್ಟು ಜೋರಾದರೆ ಗಿಟುಕು ಒಡೆಯುತ್ತೆ, ಒಡೆದದ್ದಕ್ಕೆ ಬೆಲೆ ಕಡಿಮೆ. ಅಲ್ಲಿದ್ದ ಒಬ್ಬರು ಅಕ್ಕ ನೋಡದೇ ಬಡಿಯುತ್ತಿದ್ದರು. ಪಕ್ಕದವರ ಜತೆ ಮಗಳ ಮದುವೆ ಮಾತು, ಕೈ ಮಾತ್ರ ತನ್ನ ಪಾಡಿಗೆ. ರಾಶಿಯಲ್ಲಿ ಒಡೆದದ್ದು ಹುಡುಕಿದೆ, ಸಿಕ್ಕಿದ್ದು ಒಂದೆರಡು. ಚಿಪ್ಪು ಇದ್ದಿಲು ಮಾಡೋರಿಗೆ, ಸಿಪ್ಪೆ ನಾರಿನ ಕಾರ್ಖಾನೆಗೆ, ಗರಿ ಒಲೆಗೆ. ಬಿಸಾಡೋದು ಏನೂ ಇಲ್ಲ. ಗಿಟುಕಿನ ಬಹುಪಾಲು ತಿಪಟೂರು, ಅರಸೀಕೆರೆ ಮಂಡಿಗಳಿಂದ ಉತ್ತರ ಭಾರತಕ್ಕೆ ಹೋಗುತ್ತೆ. ಅಲ್ಲಿ ಅದನ್ನು ಒಣಹಣ್ಣಿನ ಲೆಕ್ಕದಲ್ಲಿ ತಿನ್ನುತ್ತಾರೆ.

ಮಧ್ಯಾಹ್ನ ಒತ್ತು ಶ್ಯಾವಿಗೆ, ಕಾಯಿಹಾಲು. ಬಿಸಿ ಶ್ಯಾವಿಗೆ ಮೇಲೆ ಬೆಲ್ಲ, ಏಲಕ್ಕಿ ಹಾಕಿದ ದಪ್ಪ ಕಾಯಿಹಾಲು ಸುರಿದುಕೊಂಡು ಕಲಸಿ ತಿನ್ನಬೇಕು. ಜತೆಗೆ ಹಿತಕಿದವರೆ ಸಾರು. ದೊಡ್ಡಮ್ಮ ಬಡಿಸೋದು ನಿಲ್ಲಿಸಲಿಲ್ಲ.

ಉಂಡು ಜಗಲಿಯಲ್ಲಿ ಕೂತಾಗ ಬೆಲೆ ಮಾತು ಬಂತು. 2023ರಲ್ಲಿ ಕ್ವಿಂಟಲ್ ಕೊಬ್ಬರಿ 8,000 ರೂಪಾಯಿ ಆಸುಪಾಸಿಗೆ ಕುಸಿದಿತ್ತು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 12,000 ಬೆಂಬಲ ಬೆಲೆ ಕೊಟ್ಟಾಗ, ಹೆಸರು ಬರೆಸೋಕೆ ರೈತರು ರಾತ್ರಿಯಿಡೀ ಸಾಲಲ್ಲಿ ಕಾದರು. ಆಮೇಲೆ 2025ರಲ್ಲಿ ನೋಡಿದರೆ ತಿಪಟೂರಲ್ಲಿ 25,000 ದಾಟಿತು. ಒಳ್ಳೇದಾಯ್ತಲ್ಲ ದೊಡ್ಡಪ್ಪ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಲೆ ಬಂದಾಗ ಅಟ್ಟ ಅರ್ಧ ಖಾಲಿ ಕಣಪ್ಪ" ಅಂದರು. ಬರ ಬಂದ ವರ್ಷ ತೆಂಗಿಗೆ ತಕ್ಷಣ ಏನೂ ಆಗಲ್ಲ. ಮರದ ಮೇಲಿದ್ದ ಕಾಯಿ ಬಲಿತು ಬರುತ್ತೆ. ಪೆಟ್ಟು ತೋರೋದು ಮುಂದಿನ ಒಂದೆರಡು ವರ್ಷಕ್ಕೆ. ಹೊಂಬಾಳೆ ಸಣ್ಣದಾಗುತ್ತೆ, ಹೀಚು ಉದುರುತ್ತೆ. 2023ರ ಬರದ ಲೆಕ್ಕ 2025ರಲ್ಲಿ ಬಂತು. ಇರೋ ಕಾಯಿಯನ್ನೂ ಎಷ್ಟೋ ಜನ ಎಳನೀರಿಗೇ ಕೊಟ್ಟುಬಿಟ್ಟರು. ಎಳನೀರಾದರೆ ತೋಟದಲ್ಲೇ ಕೈಗೆ ಕಾಸು, ಅಟ್ಟ ಕಾಯಬೇಕಿಲ್ಲ. ಅವರನ್ನು ತಪ್ಪು ಅನ್ನೋಕಾಗಲ್ಲ. ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಇದ್ದವರು ಎರಡು ವರ್ಷ ಹೇಗೆ ಕಾಯ್ತಾರೆ?

ಎತ್ತಿನಹೊಳೆ ಮಾತೂ ಬಂತು. ಸಕಲೇಶಪುರದ ಮಳೆಗಾಲದ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯೋ 24 ಟಿಎಂಸಿ ಯೋಜನೆ. ಕಾಲುವೆ ಅರಸೀಕೆರೆ ತಾಲ್ಲೂಕಲ್ಲೇ ಹಾದು ಹೋಗುತ್ತೆ. 2024ರ ಸೆಪ್ಟೆಂಬರಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. "ನಮ್ಮ ಹೊಲದ ಮೇಲೇ ಹೋಗಲಿ, ಬೇಡ ಅನ್ನಲ್ಲ. ಹೋಗ್ತಾ ನಮ್ಮ ಕೆರೆಗೂ ಒಂದಿಷ್ಟು ಬಿಟ್ಟು ಹೋಗಲಿ" ಅಂದರು ದೊಡ್ಡಪ್ಪ. ಕೆರೆ ತುಂಬಿದರೆ ಬೋರಲ್ಲಿ ನೀರು, ಬೋರಿದ್ದರೆ ತೋಟ. ಅವರು ಕೇಳಿದ್ದರಲ್ಲಿ ದುರಾಸೆ ಏನೂ ಇಲ್ಲ ಅಂತ ನನಗನ್ನಿಸುತ್ತೆ. ಪಶ್ಚಿಮದ ಕಾಡಿಗೆ ಈ ಯೋಜನೆಯಿಂದ ಆದ ಗಾಯವೂ ಸುಳ್ಳಲ್ಲ. ಒಂದೇ ಜಿಲ್ಲೆಯ ಎರಡು ತುದಿಯ ಸಂಕಟ ಇದು.

ಬಿಸಿಲು ಇಳಿದ ಮೇಲೆ ಸೋಮೇಶ್ವರ ಗುಡಿಗೆ ನಡೆದು ಹೋದೆವು. ಲಕ್ಷ್ಮೀನರಸಿಂಹ ಗುಡಿಯ ಕಾಲದ್ದೇ, ಆದರೆ ಜನ ಇಲ್ಲಿಗೆ ಇನ್ನೂ ಕಡಿಮೆ. ಬುಡದ ಪಟ್ಟಿಗಳಲ್ಲಿ ಕೆಲವು ಕಡೆ ಕೆತ್ತನೆ ಆಗದೇ ಕಲ್ಲು ಹಾಗೇ ಉಳಿದಿದೆ. ನನಗೆ ಇದೇ ಹೆಚ್ಚು ಹಿಡಿಸಿತು. ಪೂರ್ತಿ ಆದ ಗುಡಿಯಲ್ಲಿ ಆನೆ ಕಾಣುತ್ತೆ, ಇಲ್ಲಿ ಆನೆ ಬರಬೇಕಾಗಿದ್ದ ಜಾಗ ಕಾಣುತ್ತೆ. ಕೆಲಸ ಹೇಗೆ ನಡೀತಿತ್ತು ಅನ್ನೋದು ಅರ್ಥವಾಗುತ್ತೆ. ಗುಡಿ ಹತ್ತಿರ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಬ್ಬ ಬಂದು, ಕತ್ತಲಾದ ಮೇಲೆ ಗುಡ್ಡದ ಕಡೆ ಹೋಗಬೇಡಿ, ಕರಡಿ ಬರುತ್ತೆ ಅಂದ. ಅವನು ಹೆದರಿಸೋಕೆ ಹೇಳಿದ್ದಲ್ಲ. ಹಿರೇಕಲ್ಲು ಗುಡ್ಡದ ಕಡೆಯೆಲ್ಲ ಕರಡಿ ಇದೆ, ಹಲಸು ಹಣ್ಣಾದಾಗ ತೋಟಕ್ಕೆ ಇಳಿಯುತ್ತವೆ. ರಾತ್ರಿ ನೀರು ಕಟ್ಟೋಕೆ ಹೋಗೋರು ಟಾರ್ಚ್ ಜತೆ ಮೊಬೈಲಲ್ಲಿ ಜೋರಾಗಿ ಹಾಡು ಹಾಕಿಕೊಂಡೇ ಹೋಗ್ತಾರಂತೆ.

ಭಾನುವಾರ

ಬೆಳಗ್ಗೆ ಹೊರಡೋಣ ಅಂತ ಗಾಡಿ ತೆಗೆದರೆ ಹಿಂದಿನ ಚಕ್ರ ನೆಲ ಕಚ್ಚಿತ್ತು. ಜಾಲಿ ಮುಳ್ಳು. ಭಾನುವಾರ ಪಂಚರ್ ಅಂಗಡಿ ಬಾಗಿಲು ಹಾಕಿತ್ತು. ಪಕ್ಕದ ಮನೆಯ ಹುಡುಗ ಸೈಕಲ್ ಪಂಪಲ್ಲಿ ಗಾಳಿ ತುಂಬಿ, "ಅರಸೀಕೆರೆ ತನಕ ಬರುತ್ತೆ, ನಡುವೆ ನಿಲ್ಲಿಸಬೇಡಿ" ಅಂದ. ನಿಲ್ಲಿಸಲಿಲ್ಲ. ಬಂತು. ಆ ಹುಡುಗ ಕಾಸು ಕೊಟ್ಟರೂ ಮುಟ್ಟಲಿಲ್ಲ.

ಗಾಡಿ ರಿಪೇರಿಗೆ ಬಿಟ್ಟು ಶಿವಾಲಯಕ್ಕೆ ನಡೆದೆವು. 1220ರದು. ಹೊಯ್ಸಳ ಗುಡಿ ಬಹಳ ನೋಡಿದ್ದೀನಿ ಅನ್ನೋರು ಇದನ್ನೊಂದು ನೋಡಲೇಬೇಕು. ಗರ್ಭಗುಡಿಯ ಹೊರಗೋಡೆಗೆ 16 ಮೂಲೆಯ ನಕ್ಷತ್ರದ ಆಕಾರ. ಮುಂದಿನ ತೆರೆದ ಮಂಟಪವೂ ದುಂಡಗೆ ನಕ್ಷತ್ರದಂತೆಯೇ ಇದೆ. ಇಂಥ ಮಂಟಪ ಬೇರೆ ಹೊಯ್ಸಳ ಗುಡಿಗಳಲ್ಲಿ ನಾನು ಕಂಡಿಲ್ಲ. ಒಳಗೆ ಕಲ್ಲಿನ ಕಕ್ಷಾಸನದ ಮೇಲೆ ಕೂತು ಮೇಲೆ ನೋಡಿದರೆ ಗುಮ್ಮಟದಂಥ ಛಾವಣಿ. ತಿರುಗಣೆಯಲ್ಲಿ ಕಡೆದ ಕಂಬಗಳ ಮೇಲೆ ಬೆಳಗಿನ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಅದೇ 1220ರಲ್ಲಿ ವೀರಬಲ್ಲಾಳನ ಮಂತ್ರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಈ ಊರಲ್ಲೇ ಇದೆ. ನಾವು ಹೋದಾಗ ಬೀಗ ಹಾಕಿತ್ತು. ಅಕ್ಕಪಕ್ಕದವರನ್ನು ಮುಂಚೆಯೇ ವಿಚಾರಿಸಿಕೊಂಡು ಹೋಗೋದು ಒಳ್ಳೇದು.

ಗಾಡಿ ಸಿದ್ಧವಾದ ಮೇಲೆ ಮಾಲೇಕಲ್ಲು ತಿರುಪತಿ. ಊರಿಂದ ಸ್ವಲ್ಪವೇ ದೂರ. ಬೆಟ್ಟದ ಮೆಟ್ಟಿಲು ಹತ್ತಿ ನಿಂತರೆ ಸುತ್ತಲೂ ತೆಂಗು. ನಿನ್ನೆ ಬುಡದಿಂದ ಕತ್ತೆತ್ತಿ ನೋಡಿದ್ದ ಮರಗಳೇ ಇಲ್ಲಿಂದ ಕೆಳಗೆ ಹಸಿರು ಹಾಸಿಗೆಯಂತೆ ಕಾಣುತ್ತಿದ್ದವು. ನಡುನಡುವೆ ಗರಿ ಕಳಚಿ ಬರೀ ಕಂಬವಾಗಿ ನಿಂತ ಮರಗಳು. ಬರದಲ್ಲಿ ಸತ್ತವು. ಮೇಲಿನಿಂದ ನೋಡಿದಾಗಲೇ ಅವು ಎಷ್ಟಿವೆ ಅಂತ ಕಣ್ಣಿಗೆ ಕಟ್ಟಿದ್ದು. ಕೆರೆಯ ಅಂಚಿನಲ್ಲಿ ಅಂಥವು ಕಡಿಮೆ, ಗುಡ್ಡದ ಬುಡಕ್ಕೆ ಬಂದ ಹಾಗೆ ಜಾಸ್ತಿ. ದೊಡ್ಡಪ್ಪ ಕೆರೆ ಕೆರೆ ಅಂತ ಯಾಕೆ ಅಷ್ಟು ಹೇಳಿದರು ಅಂತ ಅಲ್ಲಿ ನಿಂತು ತಿಳಿಯಿತು.

ವಾಪಸ್ ಬರುವಾಗ ಹಾರನಹಳ್ಳಿಯಲ್ಲಿ ಮತ್ತೆ ಇಳಿಯಬೇಕಾಯ್ತು. ದೊಡ್ಡಮ್ಮ ಚೀಲ ಕಟ್ಟಿಟ್ಟಿದ್ದರು. ಹತ್ತು ಕಾಯಿ, ಒಂದು ಚಿಪ್ಪು ಪುಟ್ಟಬಾಳೆ, ಪೇಪರಲ್ಲಿ ಸುತ್ತಿದ ಗಿಟುಕು ನಾಲ್ಕು. "ಎಳ್ಳುಬೆಲ್ಲಕ್ಕೆ ಇದನ್ನೇ ಹಾಕಿ, ಅಂಗಡಿದು ಹಾಕಬೇಡಿ. ತೆಳ್ಳಗೆ ಹೆಚ್ಚಿ ಒಂದು ದಿನ ಬಿಸಿಲಲ್ಲಿಡಿ" ಅಂದರು. ದೊಡ್ಡಪ್ಪ ಅಟ್ಟದ ಮೇಲಿದ್ದರು. ಅಲ್ಲಿಂದಲೇ, "ಶ್ರಾವಣಕ್ಕೆ ಬನ್ನಿ, ಆಗ ಕೆರೆ ನೋಡಬೌದು" ಅಂತ ಕೂಗಿದರು. ಮಳೆ ಆದರೆ ಖಂಡಿತ ಬರ್ತೀವಿ ಅಂದೆವು. "ಆಗದಿದ್ರೂ ಬನ್ನಿ" ಅಂದರು.